ಮೂರನೆಯ ತೂತು

ಟೆಸ್ಟರಕ್ಕನಿಗೆ ಕೆಲಸ ಕಲಿಸಿದ್ದು ಅವಳ ಅಪ್ಪ. ಕಲಿಸಿದ್ದು ಹೊಡೆದು. ಅವನು ಕಂಬ ಹತ್ತುವ ಲೈನ್‌ಮನ್ ಆಗಿದ್ದ. ಒಮ್ಮೆ ಕಂಬದ ಮೇಲೇ ಕರೆಂಟು ಹೊಡೆದು ಎಡಗೈಯ ಎರಡು ಬೆರಳು ಸುಟ್ಟು ಕರಕಲಾದವು. ಆಮೇಲೆ ಮನೆಮನೆಗೆ ಹೋಗಿ ವೈರಿಂಗ್ ಮಾಡಿಕೊಂಡು ಬದುಕಿದ. ಏಣಿ ಹಿಡಿಯಲು ಇದ್ದೊಬ್ಬ ಮಗಳನ್ನೇ ಕರೆದೊಯ್ಯುತ್ತಿದ್ದ. ಟೆಸ್ಟರ್ ಹಚ್ಚಿ ನೋಡದೆ ಯಾವ ತಂತಿಗಾದರೂ ಅವಳು ಬೆರಳು ತಾಗಿಸಿದಳೋ, ಇಕ್ಕಳದ ಹಿಡಿಯಿಂದ ಗೆಣ್ಣಿನ ಮೇಲೆ ಏಟು ಬೀಳುತ್ತಿತ್ತು. ಆ ತಂತಿಯಲ್ಲಿ ಕರೆಂಟು ಇಲ್ಲದಿದ್ದರೂ ಏಟೇ.

"ಸತ್ತಿದೆ ಅಂತ ನಿಂಗ್ಯಾರು ಹೇಳಿದ್ರು? ತಂತಿ ಬಂದು ಕಿವೀಲಿ ಹೇಳ್ತಾ?"

ಹದಿನೇಳನೆಯ ವಯಸ್ಸಿನಲ್ಲಿ ಒಂದು ದಿನ, ಯಾರದೋ ಮನೆಯ ಪಡಸಾಲೆಯಲ್ಲಿ, ಮನೆಯವರೆಲ್ಲ ನೋಡುತ್ತಿರುವಾಗಲೇ ಅಪ್ಪ ಹಾಗೆ ಹೊಡೆದ. ಬೆರಳಿನ ಉಗುರು ಕಿತ್ತು ಬಂತು. ಅವಳು ಪಕ್ಕದಲ್ಲಿದ್ದ ತಂತಿಯ ಸುರುಳಿ ಎತ್ತಿ ಅವನ ಹಣೆಗೆ ಬೀಸಿದಳು. ಹಣೆ ಸೀಳಿ ಅಂಗಿಯೆಲ್ಲ ರಕ್ತವಾಯಿತು. ನಾಲ್ಕು ಹೊಲಿಗೆ ಹಾಕಬೇಕಾಯಿತು. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಅಪ್ಪ ಜೇಬಿನಿಂದ ತನ್ನ ಟೆಸ್ಟರ್ ತೆಗೆದು ಅವಳ ಕೈಗಿಟ್ಟ. "ಇನ್ಮೇಲೆ ನಿನ್ ಕೆಲ್ಸ ನಿಂದು, ನನ್ ಕೆಲ್ಸ ನಂದು" ಎಂದ. ಮತ್ತೆಂದೂ ಅವಳ ಮೇಲೆ ಕೈಮಾಡಲಿಲ್ಲ. ಮಾತು ಕೂಡ ಹೆಚ್ಚು ಆಡಲಿಲ್ಲ.

ಅವಳು ಮದುವೆಯಾದದ್ದು ನಲ್ಲಿ ರಿಪೇರಿಯವನನ್ನು. ಅವನು ಮೆತ್ತಗಿನ ಮನುಷ್ಯ, ಮಾತಿಗೆ ಮೊದಲು ನಗುವವನು. "ನೀರೂ ಕರೆಂಟೂ ಒಂದೇ ಮನೇಲಿ ಇಟ್ಕೊಂಡಿದೀರಲ್ಲ, ಹೆದ್ರಿಕೆ ಆಗಲ್ವಾ?" ಎಂದು ಬೀದಿಯವರು ಕಾಲೆಳೆದರೆ ಟೆಸ್ಟರಕ್ಕ ಹೇಳುತ್ತಿದ್ದಳು: "ಅವ್ರು ಸೋರ್ತಾರೆ, ನಾನು ಹೊಡೀತೀನಿ. ಹೆಂಗೋ ನಡ್ಕೊಂಡು ಹೋಗ್ತಿದೆ."

ಹಳೆಯ ಮನೆಗಳ ಕೆಲಸವೆಂದರೆ ಅವಳದೇ. ಬೇರೆಯವರು ಹಳೆಯ ಗೋಡೆಗಳನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಅಲ್ಲಿಯ ತಂತಿಗಳ ಮೇಲೆ ಬಟ್ಟೆ ಸುತ್ತಿರುತ್ತದೆ, ಒಳಗಿನ ರಬ್ಬರು ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಇರುವುದು ಎರಡೇ ತಂತಿ. ಈಗಿನ ಸಾಮಾನುಗಳ ಪ್ಲಗ್ಗಿಗೆ ಮೂರು ಪಿನ್ನು. ಜನ ಹೊಸ ಸಾಮಾನು ತಂದು, ಹಳೆಯ ಎರಡು ತೂತಿನ ಪ್ಲೇಟು ಕಿತ್ತು ಮೂರು ತೂತಿನದು ಹಾಕಿಕೊಡಿ ಎನ್ನುತ್ತಾರೆ. ಅವಳು ಪ್ರತಿ ಮನೆಯಲ್ಲೂ ಬೇಸರವಿಲ್ಲದೆ ಅದನ್ನೇ ಬಿಡಿಸಿ ಹೇಳುತ್ತಿದ್ದಳು.

"ನೋಡಮ್ಮ, ಒಂದು ತಂತಿ ಕರೆಂಟ್ ತರತ್ತೆ, ಒಂದು ವಾಪಸ್ ಒಯ್ಯತ್ತೆ. ಮೂರನೇದು ಅರ್ಥು, ನೆಲಕ್ಕೆ ಹೋಗೋದು, ನಿನ್ ಜೀವ ಕಾಯೋದು. ಗೋಡೇಲಿ ಅರ್ಥೇ ಇಲ್ಲ ಅಂದ್ಮೇಲೆ ಪ್ಲೇಟಲ್ಲಿ ಮೂರನೇ ತೂತು ಯಾಕೆ, ಇರುವೆ ಮನೆ ಮಾಡೋಕಾ?"

ನಿಯಮವೂ ಅದನ್ನೇ ಹೇಳುತ್ತಿತ್ತು. ಬೋರ್ಡಿನಿಂದ ಹೊಸದಾಗಿ ಅರ್ಥ್ ತಂತಿ ಎಳೆದು ಮೂರು ತೂತಿನ ಸಾಕೆಟ್ ಹಾಕಬೇಕು. ಅದಾಗದಿದ್ದರೆ, ಕರೆಂಟು ಚೂರು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಬಿದ್ದುಹೋಗುವ ಟ್ರಿಪ್ಪರ್ ಕೂರಿಸಿ, ಪ್ಲೇಟಿನ ಮೇಲೆ 'ಅರ್ಥ್ ಇಲ್ಲ' ಎಂದು ಬರೆಯಬೇಕು. ಎರಡೂ ಆಗದಿದ್ದರೆ ಎರಡು ತೂತೇ ಇರಲಿ. ಈ ಮಾತಿನಲ್ಲಿ ಅವಳು ಒಂದಿಂಚೂ ಜಗ್ಗುತ್ತಿರಲಿಲ್ಲ. ಅದರಿಂದಾಗಿ ಅರ್ಧ ಊರಿನ ಮನೆ ಮಾಲೀಕರಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಅವಳಿಗೆ ನಲವತ್ತಮೂರಾಗಿದ್ದಾಗ ಮುಖ್ಯರಸ್ತೆಯ ಹಿಂದಿನ ಮೂರು ಮಹಡಿಯ ಕಟ್ಟಡಕ್ಕೆ ಕರೆ ಬಂತು. ಅಜ್ಜನ ಕಾಲದ ಕಟ್ಟಡ. ಮರದ ಮೆಟ್ಟಿಲು, ಗೋಡೆಯಿಂದ ಉಬ್ಬಿ ನಿಂತ ಸುಣ್ಣ. ನೆಲಮಹಡಿಯಲ್ಲಿ ಒಂದು ಲಾಂಡ್ರಿ, ಮೇಲಿನ ಮಹಡಿಗಳಲ್ಲಿ ಬಾಡಿಗೆ ಮನೆಗಳು. ಬಾಡಿಗೆಯವರು ಮೂರು ಪಿನ್ನಿನ ಪಾಯಿಂಟ್ ಕೇಳುತ್ತಿದ್ದಾರೆ, ಒಟ್ಟು ನಲವತ್ತು ಪ್ಲೇಟು ಬದಲಿಸಬೇಕು ಎಂದು ಮಾಲೀಕ ಹೇಳಿಕಳಿಸಿದ್ದ.

ಅವಳು ಮೊದಲು ತೆರೆದದ್ದು ಲಾಂಡ್ರಿಯ ಪ್ಲೇಟು. ಲಾಂಡ್ರಿಯಣ್ಣ ಆಳೆತ್ತರದ ದಪ್ಪ ಮನುಷ್ಯ, ಎರಡು ಕೈಯಲ್ಲಿ ಎರಡು ಗಂಟು ಒದ್ದೆ ಬಟ್ಟೆ ಎತ್ತಿ ನಡೆಯುತ್ತಿದ್ದವನು. ಅವನ ಹೆಂಡತಿ ಅದಕ್ಕೆ ತದ್ವಿರುದ್ಧ, ಹಿಡಿಯಷ್ಟು ಹೆಣ್ಣು. ನಾಲಿಗೆ ಮಾತ್ರ ಅವನಿಗಿಂತ ಉದ್ದ. ಅವಳು ಚಹಾ ತಂದುಕೊಟ್ಟು, ಕೈಗಂಟಿದ ಸೋಪಿನ ನೊರೆ ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದಳು.

"ಅಕ್ಕಾ, ಹೊಸ ಮಷೀನ್ ತಂದು ಎಂಟ್ ದಿನ ಆಯ್ತು. ಪ್ಲಗ್ಗಿಗೆ ಮೂರು ಕಾಲು, ಗೋಡೆಗೆ ಎರಡು ಕಣ್ಣು. ಒಂದು ಕಾಲು ಮುರಿದ್ಬಿಡ್ಲಾ ಅಂತಾರೆ ಇವ್ರು."

"ಮುರಿದ್ರೆ ನಿಮ್ಮೆಜಮಾನ್ರ ಕಾಲ್ ಮುರೀತೀನಿ ಅಂತ ಹೇಳು" ಎಂದಳು ಟೆಸ್ಟರಕ್ಕ.

ಲಾಂಡ್ರಿಯಣ್ಣ ಒಳಗಿನಿಂದಲೇ ಗಹಗಹಿಸಿ ನಕ್ಕ. ಪ್ಲೇಟಿನ ಹಿಂದೆ ಎರಡೇ ತಂತಿ ಇದ್ದವು. ಬಟ್ಟೆ ಸುತ್ತಿನವು, ಕಪ್ಪಾಗಿದ್ದವು. ಕಾಲಡಿಯ ನೆಲ ಸದಾ ಒದ್ದೆ. "ತಂಗೀ, ನಾನು ಅರ್ಥ್ ಎಳ್ಯೋವರೆಗೂ ಮಷೀನಿನ ಡಬ್ಬಿ ಬಿಚ್ಬೇಡ. ಬರೋ ವಾರ ಬಂದು ಮುಗಿಸ್ತೀನಿ" ಎಂದು ಹೇಳಿ ಮೇಲೆ ಹೋದಳು.

ಎರಡನೆಯ ಮಹಡಿಯ ಮೊಗಸಾಲೆಯಲ್ಲಿ ಅವಳು ಏಣಿಯ ಮೇಲಿದ್ದಾಗ ಮಾಲೀಕ ಬಂದ. ಜೊತೆಯಲ್ಲಿ ಅವನ ಭಾವಮೈದುನ. ಕಟ್ಟಡದ ಉಸ್ತುವಾರಿಯೆಲ್ಲ ಆ ಭಾವಮೈದುನನದು. ಗೊತ್ತಿರುವ ಕೆಲಸವೊಂದೂ ಇಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಂಡ ಕೆಲಸವೂ ಒಂದಿಲ್ಲ.

"ಎಷ್ಟ್ ದಿನದಲ್ಲಿ ಮುಗಿಯತ್ತಮ್ಮಾ?" ಎಂದ ಮಾಲೀಕ.

"ಯಜಮಾನ್ರೇ, ಎಲ್ಲೂ ಅರ್ಥಿಲ್ಲ. ನೆಲ ಅಗೆದು ಅರ್ಥ್ ಗುಂಡಿ ಮಾಡ್ಬೇಕು, ಮೂರು ಮಹಡಿಗೂ ತಂತಿ ಎಳೀಬೇಕು. ಒಂದು ತಿಂಗಳು ಹಿಡೀತದೆ."

"ನಾನು ಹೇಳಿದ್ದು ಪ್ಲೇಟ್ ಬದಲಾಯ್ಸು ಅಂತ. ಗೋಡೆ ಒಡಿ ಅಂತ ಅಲ್ಲ. ಮೂರು ತೂತು ಕಂಡ್ರೆ ಸಾಕು ಅವ್ರಿಗೆ."

"ತೂತು ಕಂಡ್ರೆ ಅರ್ಥಿದೆ ಅಂತ ನಂಬ್ತಾರೆ. ನಂಬಿ ಸಾಯ್ತಾರೆ. ನಾನು ಹಾಕಲ್ಲ."

"ಏಯ್, ಹೆಂಗಸು ಅಂತ ಕೆಲ್ಸ ಕೊಟ್ರೆ ತಲೆ ಮೇಲೆ ಕೂರ್ತೀಯಾ?" ಎಂದು ಭಾವಮೈದುನ ಏಣಿಯ ಬುಡಕ್ಕೆ ಒದ್ದ. ಅವಳು ಏಣಿಯ ಸಮೇತ ಬಿದ್ದಳು. ಮೊಣಕಾಲು ಮೆಟ್ಟಿಲಿನ ಅಂಚಿಗೆ ಬಡಿದು ಚರ್ಮ ಸುಲಿದು ಮೂಳೆ ಕಾಣಿಸಿತು. ಎದ್ದವಳೇ, ಕೈಗೆ ಸಿಕ್ಕಿದ ಹತ್ಯಾರದ ಚೀಲವನ್ನು ಬೀಸಿ ಅವನ ಕಿವಿಗೆ ಬಾರಿಸಿದಳು. ಅವನು ಕಿವಿ ಹಿಡಿದುಕೊಂಡು ಕುಕ್ಕರಿಸಿದ. ಕೆಳಗೆ ಇಳಿಯುವಾಗ ಸಿಟ್ಟಿನಿಂದ ಅವಳ ಕಣ್ಣು ಕತ್ತಲಿಟ್ಟಿತ್ತು. ಲಾಂಡ್ರಿಯ ಬಾಗಿಲ ಮುಂದೆಯೇ ಕುಂಟುತ್ತ ಹಾದುಹೋದಳು. "ಅಕ್ಕಾ, ಏನಾಯ್ತಕ್ಕಾ?" ಎಂದು ಲಾಂಡ್ರಿಯವಳು ಕೂಗಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಮಾರನೆಯ ದಿನ ವಿದ್ಯುತ್ ಕಚೇರಿಗೆ ಹೋಗಿ ದೂರು ಕೊಡಲು ನೋಡಿದಳು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಕಟ್ಟಡ ನಿಮ್ದಾ? ಬಾಡಿಗೆ ಇದೀರಾ? ಇಲ್ವಾ? ಮತ್ತೆ ನಿಮಗೇನಮ್ಮ ಹೊಟ್ಟೆನೋವು?" ಎಂದ. ಇನ್ನೊಂದು ನಮೂನೆ ತುಂಬಿಸಿ ತರಬೇಕು ಎಂದ. ಅವಳು ಆ ನಮೂನೆ ತರಲಿಲ್ಲ. ಆ ಬೀದಿಗೂ ಹೋಗಲಿಲ್ಲ. ಗಂಡ ಕೇಳಿದಾಗ "ಆ ಕಟ್ಟಡದ ಸುದ್ದಿ ಎತ್ಬೇಡಿ" ಎಂದು ಬಾಯಿ ಮುಚ್ಚಿಸಿದಳು. ಬರುವ ವಾರ ಬರುತ್ತೇನೆ ಎಂದಿದ್ದ ವಾರ ಬಂತು, ಹೋಯಿತು.

ಅವಳು ಬಿಟ್ಟ ಕೆಲಸವನ್ನು ಭಾವಮೈದುನ ಎರಡೇ ದಿನದಲ್ಲಿ ಮುಗಿಸಿದ. ನಲವತ್ತು ಪ್ಲೇಟುಗಳಿಗೂ ಮೂರು ತೂತು. ಖಾಲಿ ತೂತಿದ್ದರೆ ಯಾರಾದರೂ ಪರೀಕ್ಷೆ ಮಾಡಿದಾಗ ಗೊತ್ತಾಗುತ್ತದೆಂದು ಒಂದು ಉಪಾಯ ಮಾಡಿದ. ಪ್ರತಿ ಸಾಕೆಟ್ಟಿನ ಹಿಂದೆ, ಕರೆಂಟು ವಾಪಸ್ ಒಯ್ಯುವ ನ್ಯೂಟ್ರಲ್ ತಂತಿಯ ತಿರುಪಿನಿಂದ ಅರ್ಥಿನ ತಿರುಪಿಗೆ ಬೆರಳುದ್ದದ ತಾಮ್ರದ ತುಂಡು ಸೇರಿಸಿದ. ಹೊರಗಿನಿಂದ ನೋಡಿದರೆ ಎಲ್ಲ ಸರಿ. ಪರೀಕ್ಷೆಯ ದೀಪವೂ ಅರ್ಥಿದೆ ಎಂದೇ ಉರಿಯುತ್ತದೆ. ಆದರೆ ಎಲ್ಲಿಯಾದರೂ ಆ ನ್ಯೂಟ್ರಲ್ ಕಡಿದುಹೋಯಿತೋ, ಯಂತ್ರದೊಳಗೆ ಹೋದ ಕರೆಂಟು ವಾಪಸ್ ಹೋಗಲು ದಾರಿಯಿಲ್ಲದೆ ಆ ತಾಮ್ರದ ತುಂಡಿನ ಮೂಲಕ ಯಂತ್ರದ ಮೈಗೇ ಬಂದು ನಿಲ್ಲುತ್ತದೆ. ಫ್ಯೂಸ್ ಕೂಡ ಹೋಗುವುದಿಲ್ಲ.

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಆಸ್ಪತ್ರೆಯ ಹೊದಿಕೆಗಳ ರಾಶಿ ಒಗೆಯುವಾಗ, ಮಷೀನು ನಡುವೆಯೇ ನಿಂತುಹೋಯಿತು. ಗೋಡೆಯೊಳಗೆ ಎಲ್ಲೋ ಹಳೆಯ ನ್ಯೂಟ್ರಲ್ ತಂತಿಯ ಗಂಟು ಸುಟ್ಟು ಬಿಟ್ಟುಹೋಗಿತ್ತು. ಲಾಂಡ್ರಿಯಣ್ಣನ ಹೆಂಡತಿ ಬರಿಗಾಲಿನಲ್ಲಿ ನೀರು ತುಳಿಯುತ್ತ ಬಂದು, "ಇದಕ್ಕೇನ್ ರೋಗ" ಎಂದು ಮುಚ್ಚಳದ ಮೇಲೆ ಎರಡೂ ಅಂಗೈ ಇಟ್ಟಳು. ಅಷ್ಟೇ. ಕೈ ಬಿಡಲಾಗಲಿಲ್ಲ. ಹಲ್ಲು ಕಚ್ಚಿಕೊಂಡು, ಕತ್ತು ಹಿಂದಕ್ಕೆ ಸೆಟೆದು, ನಿಂತಲ್ಲೇ ನಡುಗಿದಳು. ಗಂಡ ಓಡಿಬಂದು ಸೊಂಟ ಹಿಡಿದು ಎಳೆದ. ಅವನನ್ನೂ ಎತ್ತಿ ಗೋಡೆಗೆ ಬಡಿಯಿತು. ಎರಡನೆಯ ಸಲ ಒಣಬಟ್ಟೆಯ ಗಂಟು ಎಸೆದು ಅವಳನ್ನು ಕೆಡವಿದ. ಅಷ್ಟರಲ್ಲಿ ಅಂಗೈಗಳು ಸುಟ್ಟು ಚರ್ಮ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಅವಳ ಉಸಿರು ನಿಂತಿತ್ತು.

ಮಾಲೀಕ ಹೆಣ ಎತ್ತುವ ಮೊದಲೇ ಬಂದ. ಸಮಾಧಾನ ಹೇಳುವ ನೆಪದಲ್ಲಿ ಲಾಂಡ್ರಿಯಣ್ಣನ ಹೆಗಲ ಮೇಲೆ ಕೈಹಾಕಿ, "ಪ್ಲೇಟೆಲ್ಲ ಹಾಕಿದ್ದು ಆ ಟೆಸ್ಟರ್ ಹೆಂಗಸು ಕಣಪ್ಪ. ಅರ್ಧಂಬರ್ಧ ಮಾಡಿ ಜಗಳ ತೆಗೆದು ಹೋದ್ಲು. ನಿನ್ ಕಣ್ಮುಂದೇನೇ ನಿನ್ ಅಂಗಡೀಲಿ ಪ್ಲೇಟ್ ಬಿಚ್ಚಿರ್ಲಿಲ್ವಾ?" ಎಂದ. ಬಿಚ್ಚಿದ್ದನ್ನು ಲಾಂಡ್ರಿಯಣ್ಣ ನೋಡಿದ್ದ. ಪ್ಲೇಟುಗಳನ್ನು ಹಾಕಿದ ಎರಡು ದಿನ ಅವನೂ ಹೆಂಡತಿಯೂ ನೆಂಟರ ಮನೆಗೆ ಹೋಗಿದ್ದರು. ವಾಪಸ್ ಬಂದು ಮೂರು ತೂತು ಕಂಡು, ಟೆಸ್ಟರಕ್ಕ ಬಂದು ಅರ್ಥ್ ಎಳೆದಿದ್ದಾಳೆಂದೇ ನಂಬಿ ಮಷೀನು ಹಚ್ಚಿದ್ದರು.

ಮಣ್ಣು ಮಾಡಿದ ಮಾರನೆಯ ದಿನ ಮಧ್ಯಾಹ್ನ ಅವನು ಟೆಸ್ಟರಕ್ಕನ ಅಂಗಡಿಗೆ ಬಂದ. ಅಂಗಡಿಯೆಂದರೆ ಮನೆಯ ಮುಂಗೋಣೆ. ಅವಳು ಮೇಜಿನ ಮೇಲೆ ಒಂದು ಸುಟ್ಟ ಫ್ಯಾನ್ ಬಿಚ್ಚಿಕೊಂಡು ಕುಳಿತಿದ್ದಳು. ಸುದ್ದಿ ಅವಳಿಗೆ ಆ ದಿನ ಬೆಳಿಗ್ಗೆಯಷ್ಟೇ ತಿಳಿದಿತ್ತು. ಬಾಗಿಲಲ್ಲಿ ಅವನನ್ನು ಕಂಡು ಎದ್ದು, "ಅಣ್ಣಾ" ಎಂದಳು. ಅವನ ಕೈಯಲ್ಲಿ ಬಟ್ಟೆ ಹಿಂಡುವ ಯಂತ್ರದ ಕಬ್ಬಿಣದ ಹಿಡಿಕೆಯಿತ್ತು.

"ನಿನ್ನ ಚಹಾ ಕುಡಿಸಿ ಕಳ್ಸಿದ್ಲಲ್ಲೇ ಅವ್ಳು!"

ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದು ದವಡೆಗೆ. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಬಾಯಿಂದ ಹಲ್ಲು ಉದುರಿ ಫ್ಯಾನಿನ ತಟ್ಟೆಯೊಳಗೆ ಬಿದ್ದವು. ಕೆಳಗೆ ಬಿದ್ದವಳ ಪಕ್ಕೆಗೆ ಅವನು ಒದ್ದ, ಮತ್ತೆ ಒದ್ದ, ಒದೆಯುತ್ತ ಅಳುತ್ತಿದ್ದ. ಕಪಾಟನ್ನು ಎಳೆದು ಅವಳ ಮೇಲೆ ಕೆಡವಿದ. ಬಲ್ಬುಗಳು ಪಟಪಟನೆ ಒಡೆದವು. ಬೀದಿಯವರು ನಾಲ್ಕು ಜನ ಸೇರಿ ಅವನನ್ನು ಹೊರಗೆಳೆಯುವ ಹೊತ್ತಿಗೆ ಅವಳ ಪ್ರಜ್ಞೆ ತಪ್ಪಿತ್ತು.

ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ದವಡೆ ಕೂರಿಸಿದರು. ಆರು ವಾರ ಬಾಯಿ ತೆರೆಯುವಂತಿಲ್ಲ. ಗಂಡ ಪಕ್ಕದಲ್ಲಿ ಕುಳಿತು ಅವಳ ಕೈಗೆ ಒಂದು ಪುಸ್ತಕ, ಪೆನ್ಸಿಲು ಕೊಟ್ಟ. ಅಳು ತಡೆದುಕೊಳ್ಳಲು, "ಬಾಯಿಗೇ ವೈರಿಂಗ್ ಮಾಡಿಬಿಟ್ರಲ್ಲೇ ನಿಂಗೆ" ಎಂದ. ಅವಳು ಬರೆದಳು: "ಅರ್ಥ್ ಕೊಟ್ಟಿದಾರಾ ನೋಡಿ." ಅವನು ನಗಲು ಹೋಗಿ ಅತ್ತೇಬಿಟ್ಟ.

ಪೊಲೀಸರು ಬಂದು ಹೊಡೆದವನ ಹೆಸರು ಕೇಳಿದಾಗ ಅವಳು ಬರೆಯಲಿಲ್ಲ. ಬೀದಿಯವರೂ ಬಾಯಿ ಬಿಡಲಿಲ್ಲ, ಹೆಂಡತಿಯನ್ನು ಕಳೆದುಕೊಂಡವನೆಂದು ಸುಮ್ಮನಿದ್ದರು. ಗಂಡ ಸಿಟ್ಟಿಗೆದ್ದ. "ನಿನ್ನ ಕೊಂದೇ ಬಿಡ್ತಿದ್ನಲ್ಲೇ! ಯಾರನ್ನ ಕಾಯ್ತಿದೀಯ?"

"ಬರೋ ವಾರ ಬರ್ತೀನಿ ಅಂದಿದ್ದೆ. ಹೋಗಲಿಲ್ಲ" ಎಂದು ಅವಳು ಬರೆದಳು. ಕೆಳಗೆ ಇನ್ನೊಂದು ಸಾಲು: "ಮಾಲೀಕ್ರು ಪ್ಲೇಟು ಕಿತ್ತುಹಾಕೋ ಮೊದಲು ನೋಡಬೇಕು."

ಎಂಟನೆಯ ದಿನ ಅವಳು ಗಂಡನ ಜೊತೆ ಆ ಕಟ್ಟಡಕ್ಕೆ ಹೋದಳು. ಮುಖ ಕುಂಬಳಕಾಯಿಯಂತೆ ಊದಿತ್ತು, ಪಕ್ಕೆಗೆ ಪಟ್ಟಿ ಸುತ್ತಿತ್ತು. ಗಂಡ ಪೈಪು ತಿರುಗಿಸುವ ದೊಡ್ಡ ಕಬ್ಬಿಣದ ಪಾನಾ ಹಿಡಿದು ಒಂದು ಹೆಜ್ಜೆ ಹಿಂದೆ ಬಂದ. ಲಾಂಡ್ರಿಯಣ್ಣ ಅರ್ಧ ಮುಚ್ಚಿದ ಬಾಗಿಲ ಒಳಗೆ ಒಗೆಯದ ಬಟ್ಟೆಗಳ ಮೇಲೆ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ. ಆದರೆ ತಾನು ಮಾಡಿದ ಆ ಮುಖವನ್ನು ನೋಡಿ ಅಲ್ಲೇ ತಡೆದ.

ಅವಳು ಒಳಗೆ ಹೋಗಿ ಗೋಡೆ ನೋಡಿದಳು. ಮಷೀನಿನ ಹಿಂದಿನ ಪ್ಲೇಟು ಆಗಲೇ ಬದಲಾಗಿತ್ತು. ಎರಡು ತೂತಿನದು. ಸುಟ್ಟ ಗಂಟನ್ನೂ ಕೂಡಿಸಿ ಸುತ್ತಲೂ ಹಸಿ ಸಿಮೆಂಟು ಬಳಿದಿದ್ದರು. ಅವಳು ಅವನಿಗೆ ಬಾ ಎಂದು ಕೈಮಾಡಿ ಮೆಟ್ಟಿಲು ಹತ್ತಿದಳು. ಎರಡನೆಯ ಮಹಡಿಯ ದರ್ಜಿ ಬಾಗಿಲು ತೆರೆದು, ಹೊಲಿಗೆ ಮಷೀನಿನ ಪಕ್ಕದ ಪ್ಲೇಟು ಬಿಚ್ಚಲು ಬಿಟ್ಟ. ಅವಳು ಎರಡು ತಿರುಪು ಕಳಚಿ ಪ್ಲೇಟನ್ನು ಮುಂದಕ್ಕೆ ಎಳೆದು ತಿರುಗಿಸಿದಳು. ಹಿಂದೆ ತಾಮ್ರದ ತುಂಡು ಹೊಳೆಯುತ್ತಿತ್ತು. ಪುಸ್ತಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಳು: "ಇದು ನಾನು ಹಾಕಿದ್ದಲ್ಲ. ಇಂಥ ತುಂಡೇ ಅವಳನ್ನು ಕೊಂದದ್ದು."

ಲಾಂಡ್ರಿಯಣ್ಣ ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದ. "ಯಾರು ಹಾಕಿದ್ದು?" ಎಂದ.

ಉತ್ತರ ಕೊಟ್ಟದ್ದು ದರ್ಜಿ. "ಭಾವಮೈದುನ ಕಣಯ್ಯ. ನಾನೇ ದೀಪ ಹಿಡಿದಿದ್ದೆ. ಮಾಲೀಕ್ರು ಇಲ್ಲೇ ನಿಂತು ಬೇಗ ಬೇಗ ಅಂತಿದ್ರು. ಈಗಲೂ ಇಬ್ರೂ ಮೊದಲನೇ ಮಹಡೀಲಿ ಇದಾರೆ, ಎಲ್ಲ ವಾಪಸ್ ಕೀಳ್ತಿದಾರೆ."

ಆಮೇಲೆ ಆದದ್ದೆಲ್ಲ ಐದು ನಿಮಿಷದೊಳಗೆ. ಲಾಂಡ್ರಿಯಣ್ಣ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಇಳಿದ. ಭಾವಮೈದುನ ಅವನ ಮುಖ ಕಂಡವನೇ ಸ್ಕ್ರೂಡ್ರೈವರ್ ಬಿಸಾಕಿ ಎದ್ದೆನೋ ಬಿದ್ದೆನೋ ಎಂದು ಹಿಂಬಾಗಿಲಿನಿಂದ ಓಡಿದ. ಸಿಕ್ಕಿದ್ದು ಮಾಲೀಕ. ಲಾಂಡ್ರಿಯಣ್ಣ ಅವನ ಕೊರಳಪಟ್ಟಿ ಹಿಡಿದು ಮೆಟ್ಟಿಲ ಮೇಲೆ ದರದರನೆ ಎಳೆದುಕೊಂಡು ಕೆಳಗಿಳಿದ. ತಲೆ ಒಂದೊಂದು ಮೆಟ್ಟಿಲಿಗೂ ಬಡಿಯುತ್ತಿತ್ತು. ಅಡ್ಡ ಬಂದ ಟೆಸ್ಟರಕ್ಕನ ಗಂಡನನ್ನು ಒಂದೇ ಕೈಯಲ್ಲಿ ನೂಕಿದ. ಅವನು ಮೆಟ್ಟಿಲಿನ ಕಂಬಿಯ ಮೇಲಿಂದ ಉರುಳಿ ಕೆಳಗೆ ಬಿದ್ದ.

ಲಾಂಡ್ರಿಯೊಳಗೆ ಮಾಲೀಕನನ್ನು ಒದ್ದೆ ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಲಾಂಡ್ರಿಯಣ್ಣ ಒಂದು ಕೈಯಿಂದ ಗೋಡೆಯ ಹೊಸ ಪ್ಲೇಟನ್ನು ಹಿಡಿದು ಕಿತ್ತ. ಹಸಿ ಸಿಮೆಂಟಿನ ಜೊತೆ ತಂತಿಗಳು ಉದ್ದಕ್ಕೆ ಹೊರಬಂದವು. ಪ್ಲೇಟು ಕಳಚಿ ಬಿದ್ದು, ತಂತಿಯ ಬೆತ್ತಲೆ ತುದಿಗಳು ಒಂದಕ್ಕೊಂದು ತಾಗಿ ಚಟ್ ಎಂದು ಕಿಡಿ ಹಾರಿತು. ಬಟ್ಟೆ ಸುತ್ತಿದ ಕಡೆ ಹಿಡಿದುಕೊಂಡು ಅವನು ಅವುಗಳನ್ನು ಮಾಲೀಕನ ಕೊರಳ ಕಡೆಗೆ ತಂದ.

"ಅವ್ಳು ಹೆಂಗೆ ಸತ್ಲು ಅಂತ ನೋಡ್ಬೇಕಾ? ನೋಡು!"

ಮೇನ್ ಬೋರ್ಡು ಇದ್ದದ್ದು ಮೆಟ್ಟಿಲಿನ ಅಡಿಯಲ್ಲಿ, ಹಿಂದೆಯೇ ಇಳಿದು ಬಂದಿದ್ದ ಟೆಸ್ಟರಕ್ಕನಿಂದ ನಾಲ್ಕು ಹೆಜ್ಜೆ ದೂರ. ಅವಳು ಓಡಿ ಅದರ ಹಿಡಿಗೆ ಕೈಹಾಕಿದಳು. ಹಾಕಿ ನಿಂತಳು. ತಾನು ಎಳೆಯದಿದ್ದರೆ ಯಾರೂ ಕೇಳುವುದಿಲ್ಲ, ಪಕ್ಕೆ ಮುರಿದ ಹೆಂಗಸು ತಡವಾಗಿ ಬಂದಳು ಎಂದುಕೊಳ್ಳುತ್ತಾರೆ ಎಂಬುದು ಅವಳಿಗೆ ಹೊಳೆಯಿತು. ಅವನು ಸಾಯಲಿ ಎಂದು ಅವಳಿಗೆ ಅನ್ನಿಸಿತ್ತು. ಒಂದು ಉಸಿರಿನಷ್ಟು ಹೊತ್ತು, ಹೆಚ್ಚಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದ್ದೂ ವರ್ಷಗಳ ಮೇಲೆ.

ಅವಳು ಹಿಡಿ ಎಳೆದಳು. ಇಡೀ ಕಟ್ಟಡ ಸ್ತಬ್ಧವಾಯಿತು.

ತಂತಿಗಳು ಕೊರಳಿಗೆ ತಾಗಿದಾಗ ಮಾಲೀಕ ಸುಟ್ಟವನಂತೆ ಕಿರುಚಿದ, ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಂಡ. ಆದರೆ ಏನೂ ಆಗಲಿಲ್ಲ. ಲಾಂಡ್ರಿಯಣ್ಣ ಆರಿಹೋದ ಬಲ್ಬನ್ನು ನೋಡಿದ, ಬಾಗಿಲಲ್ಲಿ ನಿಂತ ಅವಳನ್ನು ನೋಡಿದ. ಎಲ್ಲ ಅರ್ಥವಾಗಿ ಮೃಗದಂತೆ ಕೂಗಿದ. ತಂತಿ ಬಿಟ್ಟು ಮೇಜಿನ ಮೇಲಿದ್ದ ಭಾರದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ. ಮಾಲೀಕನ ಬಲಗೈಯನ್ನು ನೆಲಕ್ಕೆ ಒತ್ತಿ ಅದರ ಮೇಲೆ ಮೂರು ಸಲ ಕುಟ್ಟಿದ. ನಾಲ್ಕನೆಯ ಸಲ ತಲೆಗೆಂದು ಎತ್ತಿದಾಗ, ಕುಂಟುತ್ತ ಬಂದಿದ್ದ ನಲ್ಲಿ ರಿಪೇರಿಯವನ ಪಾನಾ ಅವನ ಹೆಗಲಿಗೆ ಬಿತ್ತು. ಜೀವನದಲ್ಲಿ ಒಂದು ಇರುವೆಗೂ ಹೊಡೆಯದ ಮನುಷ್ಯ ಅಂದು ಎರಡು ಸಲ ಹೊಡೆದ. ಹೆಗಲಿನ ಮೂಳೆ ಮುರಿದು ಲಾಂಡ್ರಿಯಣ್ಣ ಕುಸಿದ. ಆಮೇಲೆ ಅವನು ಏಳಲು ನೋಡಲೇ ಇಲ್ಲ. ಪೊಲೀಸರು ಬರುವವರೆಗೂ ಮಷೀನಿಗೆ ಒರಗಿ ಕುಳಿತಿದ್ದ.

ಕೋರ್ಟಿನಲ್ಲಿ ಕೇಸು ಎರಡು ವರ್ಷ ನಡೆಯಿತು. ದವಡೆ ಕೂಡಿದ ಮೇಲೂ ಟೆಸ್ಟರಕ್ಕನ ಮಾತು ಒಂದು ಕಡೆಗೆ ಎಳೆಯುತ್ತಿತ್ತು. ಲಾಂಡ್ರಿಯಣ್ಣನ ವಕೀಲ ಮೊದಲೇ ಬಂದು, "ದವಡೆ ಮುರಿದದ್ದು ಏಣಿಯಿಂದ ಬಿದ್ದು ಅಂತ ಹೇಳಿದ್ರೆ ಅವನಿಗೆ ಎರಡು ವರ್ಷ ಉಳಿಯತ್ತಮ್ಮ" ಎಂದು ಕೈಮುಗಿದಿದ್ದ. ಅವಳು ಕಟಕಟೆಯಲ್ಲಿ ನಿಂತು, ದವಡೆ ಮುರಿದವನು ಇವನೇ ಎಂದಳು. ತಾಮ್ರದ ತುಂಡಿನ ಬಗ್ಗೆಯೂ, ಏಣಿ ಒದ್ದದ್ದರ ಬಗ್ಗೆಯೂ ಹೇಳಿದಳು. ಮಾಲೀಕನ ವಕೀಲ ಎದ್ದು ನಿಂತ.

"ಅಪಾಯ ಅಂತ ಗೊತ್ತಿತ್ತು. ಹಾಗಾದ್ರೆ ಅರ್ಥ್ ಎಳೀದೆ ಕೆಲ್ಸ ಬಿಟ್ಟೆ ಅಂತ ಆ ಲಾಂಡ್ರಿಯವರಿಗೆ ಹೋಗಿ ಯಾಕೆ ಹೇಳ್ಲಿಲ್ಲ?"

"ಸಿಟ್ಟಲ್ಲಿದ್ದೆ ಸ್ವಾಮಿ. ಹೇಳ್ಬೇಕಾಗಿತ್ತು. ಹೇಳ್ಲಿಲ್ಲ."

ಕಟಕಟೆಯ ಆಚೆ ಲಾಂಡ್ರಿಯಣ್ಣ ತಲೆ ಎತ್ತಿ ಅವಳನ್ನು ದಿಟ್ಟಿಸಿದ. ಅವಳೂ ಕಣ್ಣು ತಪ್ಪಿಸಲಿಲ್ಲ. ಮಾಲೀಕನಿಗೂ ಭಾವಮೈದುನನಿಗೂ ಎರಡೆರಡು ವರ್ಷ ಶಿಕ್ಷೆಯಾಯಿತು. ಮಾಲೀಕನ ಬಲಗೈಯ ಮೂರು ಬೆರಳು ಮತ್ತೆ ಮಡಚಲಿಲ್ಲ. ಲಾಂಡ್ರಿಯಣ್ಣನಿಗೆ ನಾಲ್ಕು ವರ್ಷ.

ಕಟ್ಟಡಕ್ಕೆ ಅರ್ಥ್ ಎಳೆದವಳು ಟೆಸ್ಟರಕ್ಕನೇ. ನೆಲ ಅಗೆದು ತಾಮ್ರದ ಹಲಗೆ ಹೂತು, ಮೂರು ಮಹಡಿಗೂ ಹಸಿರು ತಂತಿ ಏರಿಸಿ, ಮೇನ್ ಬೋರ್ಡಿಗೆ ಟ್ರಿಪ್ಪರ್ ಕೂರಿಸಿದಳು. ಅಲ್ಲಿಂದಾಚೆ ಯಾವುದೇ ಹಳೆಯ ಮನೆಯಲ್ಲಿ ಕೆಲಸ ನಿರಾಕರಿಸಿದರೆ, ಅಂದೇ ವಿದ್ಯುತ್ ಕಚೇರಿಗೆ ಹೋಗಿ ಎಲ್ಲ ನಮೂನೆಗಳನ್ನೂ ತುಂಬಿಕೊಟ್ಟು ಬರುತ್ತಿದ್ದಳು. ಅವಳನ್ನು ದೂರದಿಂದ ಕಂಡರೆ ಗುಮಾಸ್ತ ಕಚೇರಿಯ ಹಿತ್ತಲಿಗೆ ಹೋಗಿಬಿಡುತ್ತಿದ್ದ. ಅವಳು ಅವನು ಬರುವವರೆಗೂ ಕುರ್ಚಿಯಲ್ಲಿ ಕುಳಿತಿರುತ್ತಿದ್ದಳು.

ಲಾಂಡ್ರಿಯಣ್ಣ ಬಿಡುಗಡೆಯಾಗಿ ಬಂದದ್ದು ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ. ಅಂಗಡಿಯ ಬಾಗಿಲಲ್ಲಿ ನೆರಳು ಬಿದ್ದಾಗ ಟೆಸ್ಟರಕ್ಕ ತಲೆ ಎತ್ತಿದಳು. ಮೇಜಿನ ಮೇಲಿನ ಇಕ್ಕಳ ಹಿಡಿದು ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವನು ಹೊಸ್ತಿಲು ದಾಟಲಿಲ್ಲ. ಇಳಿದುಹೋಗಿದ್ದ, ಒಂದು ಹೆಗಲು ಕೆಳಗಿತ್ತು.

"ದವಡೆ ನೋಯ್ತದಾ ಅಕ್ಕಾ?"

"ಚಳಿಗೆ ನೋಯ್ತದೆ."

ಅವನು ತಲೆಯಾಡಿಸಿದ. "ಆಚೆ ಬೀದೀಲಿ ಒಂದು ಹಳೇ ಮನೆ ಹಿಡಿದಿದೀನಿ. ಮತ್ತೆ ಲಾಂಡ್ರಿ ಇಡೋಣ ಅಂತ. ಕರೆಂಟೆಲ್ಲ ಸರಿ ಇದೆ ಅಂತಾರೆ ಮನೆಯವ್ರು. ನಂಗೆ ಸ್ವಿಚ್ ಮುಟ್ಟೋಕೂ ಕೈ ಬರ್ತಿಲ್ಲ. ನೀವು ನೋಡ್ತೀರಾ?" ಎಂದ.

ಒಳಗಿನಿಂದ ಬಂದ ಗಂಡ "ಬೇಡ" ಎಂದು ಸ್ಪಷ್ಟವಾಗಿ ಹೇಳಿದ. ಅವಳು ಮೂರು ದಿನ ಬಿಟ್ಟು ಹೋದಳು. ಪ್ಲೇಟು ಬಿಚ್ಚಿದರೆ ಎರಡೇ ತಂತಿ.

ನಾಲ್ಕು ದಿನದ ಕೆಲಸವಾಯಿತು. ಅವನು ಒಳಗಿದ್ದರೆ ಅವಳಿಗೆ ಗೋಡೆಯ ಕಡೆ ಮುಖ ಮಾಡಲಾಗುತ್ತಿರಲಿಲ್ಲ. ಅದನ್ನು ನೇರವಾಗಿಯೇ ಹೇಳಿದಳು. ಅವನು ನಾಲ್ಕು ದಿನವೂ ಎದುರಿನ ಜಗುಲಿಯ ಮೇಲೆ ಕುಳಿತಿದ್ದ. ನಲ್ಲಿ ರಿಪೇರಿಯವನು ಹೊಸ್ತಿಲಲ್ಲಿ ಕುಳಿತಿದ್ದ. ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೊನೆಯ ದಿನ ಅವಳು ಟ್ರಿಪ್ಪರಿನ ಗುಂಡಿ ಒತ್ತಿ ಅದು ಬೀಳುವುದನ್ನು ಎರಡು ಸಲ ನೋಡಿದಳು. ಮಷೀನು ಚಾಲೂ ಮಾಡಿ ಅವನನ್ನು ಒಳಗೆ ಕರೆದಳು. "ಮಷೀನಿನ ಮೈಯೆಲ್ಲ ಟೆಸ್ಟರ್ ಹಚ್ಚಿ ನೋಡಿದೀನಿ. ಒಂದ್ಸಲ ನೀನೇ ಮುಟ್ಟಿ ನೋಡು" ಎಂದಳು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಅವಳು ಚಪ್ಪಲಿ ಕಳಚಿಟ್ಟು, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಡೆದು, ಮುಚ್ಚಳದ ಮೇಲೆ ತನ್ನ ಎರಡೂ ಅಂಗೈ ಇಟ್ಟಳು. ಅವನು ಮುಖವನ್ನು ಗೋಡೆಗೆ ತಿರುಗಿಸಿದ. ಮಷೀನು ಗುಡುಗುಡು ತಿರುಗುತ್ತಲೇ ಇತ್ತು.

"ಇಲ್ಲೇ ನಿಂತಿದೀನಿ ಕಣಣ್ಣ" ಎಂದಳು ಅವಳು. "ತಿರುಗು."

ಅವನು ತಿರುಗಿದ. ಹತ್ತಿರ ಬಂದು, ಬಹಳ ಹೊತ್ತು ತೆಗೆದುಕೊಂಡು, ಅವಳ ಕೈಯ ಪಕ್ಕದಲ್ಲಿ ಒಂದು ಬೆರಳು ತಾಗಿಸಿದ.